ಪನಮರದ ಬಿಲ್ಲಾಳು ತಲಕ್ಕಲ್ ಚಂದು
(ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ದೇಶದ ಸ್ವಾತಂತ್ರ್ಯವೆಂದೊಡನೆ 1857ರ ನೆನಪಾಗುತ್ತದೆ. ಅದಕ್ಕೂ ಅರ್ಧ ಶತಮಾನ ಮೊದಲೇ ವಯನಾಡಿನ ಕಾಡಿನಲ್ಲಿ ಬಿಲ್ಲು ಹಿಡಿದು ಕಂಪನಿಯನ್ನು ಎದುರಿಸಿದವನು ಕುರಿಚ್ಯರ ನಾಯಕ ತಲಕ್ಕಲ್ ಚಂದು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಕಂಪನಿಯ ಕೈಸೇರಿತು. ಕಂದಾಯ ಎತ್ತುವ ಹಕ್ಕಿನ ವಿಷಯದಲ್ಲಿ ಪಳಶ್ಶಿ ರಾಜನಿಗೂ ಕಂಪನಿಗೂ ವೈರ ಬೆಳೆಯಿತು. ರಾಜನು ವಯನಾಡಿನ ಬೆಟ್ಟಗಳನ್ನೇ ಕೋಟೆ ಮಾಡಿಕೊಂಡನು. ಅಲ್ಲಿ ಫಿರಂಗಿಗಿಂತ ದಾರಿ ಬಲ್ಲವನಿಗೆ ಬೆಲೆ ಹೆಚ್ಚು. ಕುರಿಚ್ಯರು ಬೇಟೆಗಾರರು, ಗದ್ದೆ ಮಾಡುವವರು. ಹಳ್ಳ ದಾಟುವ ಜಾಗ, ಬಿದಿರು ಮೆಳೆಯ ಒಳದಾರಿ ಅವರಿಗೆ ಮನೆಯಂಗಳದಷ್ಟೇ ಪರಿಚಿತ. ಆ ಅರಿವೇ ರಾಜನ ಪಡೆಗೆ ಕಣ್ಣಾಯಿತು.

1802ರಲ್ಲಿ ಕಂಪನಿಯ ಪೇದೆಯೊಬ್ಬ ಒಂದು ಮನೆಗೆ ಬಂದು ಭತ್ತ ಕೊಡಿರೆಂದು ಕೇಳಿದನು. ಅಲ್ಲಿದ್ದ ರಾಜನ ಸೇನಾನಿ ಎಡಚ್ಚೇನ ಕುಂಗನ್ ಆ ಪೇದೆಯನ್ನು ಕೊಂದನು. ಅಳೆದುಕೊಡಬೇಕಾಗಿದ್ದುದು ಭತ್ತ ಮಾತ್ರ, ಆದರೆ ಅದರ ಹಿಂದೆ ಇದ್ದುದು ಇಡೀ ನಾಡಿನ ಅಭಿಮಾನ. ಚಂದು ಸುಮಾರು 150 ಮಂದಿ ಕುರಿಚ್ಯರೊಡನೆ ಕುಂಗನನನ್ನು ಕೂಡಿಕೊಂಡನು.

ಅಕ್ಟೋಬರ್ 11ರಂದು ಅವರು ಪನಮರದ ಕೋಟೆಯ ಮೇಲೆ ಹಠಾತ್ತನೆ ಎರಗಿದರು. ಕ್ಯಾಪ್ಟನ್ ಡಿಕೆನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಸೇರಿ ಸುಮಾರು 70 ಮಂದಿ ಹತರಾದರು. 112 ಬಂದೂಕು, ಆರು ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿ ವಶವಾದವು. ಬಿಲ್ಲು ಹಿಡಿದು ಹೋದವರು ಬಂದೂಕು ಹೊತ್ತು ಮರಳಿದರು!

ಅನಂತರ ಕುಂಗನನು ಪುಲ್ಪಳ್ಳಿಯ ದೇವಸ್ಥಾನದಲ್ಲಿ ಬೀಡುಬಿಟ್ಟು ಜನರಿಗೆ ಕರೆಕೊಟ್ಟನು. ಸುಮಾರು 3,000 ಮಂದಿ ನೆರೆದರು. ದೇವಸ್ಥಾನವೆಂದರೆ ಪೂಜೆಗಷ್ಟೇ ಅಲ್ಲ, ನಾಡು ಕೂಡಿ ನಿಲ್ಲುವ ಸ್ಥಳವೂ ಹೌದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಂಪನಿ ಹೆಚ್ಚಿನ ದಂಡು ತಂದಿತು. ರಾಜನ ತಲೆಗೆ 3,000 ಪಗೋಡ ಬಹುಮಾನ ಸಾರಿತು. 1805ರಲ್ಲಿ ಚಂದು ಸೆರೆಸಿಕ್ಕಿ ಪ್ರಾಣ ತೆತ್ತನು. ಅದೇ ವರ್ಷ ನವೆಂಬರ್ 30ರಂದು ಪುಲ್ಪಳ್ಳಿಯ ಹತ್ತಿರ, ಇಂದಿನ ಕರ್ನಾಟಕದ ಗಡಿಗೆ ಸಮೀಪದಲ್ಲೇ, ರಾಜನೂ ಮಡಿದನು. ಜನರಿಗೆ ರಾಜನ ಮೇಲಿದ್ದ ಭಕ್ತಿಯನ್ನು ಅವನನ್ನು ಬೆನ್ನಟ್ಟಿದ ಅಧಿಕಾರಿ ಬೇಬರನೇ ಬರೆದಿಟ್ಟಿದ್ದಾನೆ.

ಮಾನಂದವಾಡಿಯಲ್ಲಿ ರಾಜನ ಸಮಾಧಿಯಿದೆ. ಪನಮರದಲ್ಲಿ ಕೋಳಿಮರದ ಬಳಿ ಚಂದುವಿನ ಸ್ಮಾರಕವಿದೆ. ಸಮಾಧಿಗೆ ಹೋಗುವವರು ಮರದ ಬಳಿಗೂ ಹೋಗಬೇಕು. ಅರಸನ ಹೆಸರು ಉಳಿಯುವುದು ಸಹಜ. ಅರಸನಿಗೆ ದಾರಿ ತೋರಿದವನ ಹೆಸರನ್ನು ಉಳಿಸುವ ಹೊಣೆ ಜನರದು. ಮಕ್ಕಳಿಗೆ ಈ ಕಥೆ ಹೇಳೋಣ. ಶ್ರೀದೇವರು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.