ಸವೆದ ಕ್ಲಚ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ



ಹಾನಗಲ್ಲಿನ ಭತ್ತದ ಗದ್ದೆಗೆ ಗೊಬ್ಬರದ ಚೀಲ ಹೋಗುವುದು ಬೈಕಿನ ಮೇಲೆ. ಸವಣೂರಿನ ಎಲೆಬಳ್ಳಿ ತೋಟದಿಂದ ವೀಳ್ಯದೆಲೆ ಸಂತೆಗೆ ಬರುವುದೂ ಬೈಕಿನ ಮೇಲೆಯೇ. ಹಿರೇಕೆರೂರಿನ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಡೇರಿಗೆ, ಗೋವಿನಜೋಳದ ಬೀಜ ಹೊಲಕ್ಕೆ, ಮಕ್ಕಳು ಶಾಲೆಗೆ ಹೋಗುವುದೂ ಹಾಗೆಯೇ. ಶಿಗ್ಗಾವಿಯ ಗಾಡಿಯೊಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಓಡಿ, ಸಂಜೆ ಎರೆಹೊಲದ ಕೆಸರಿನಲ್ಲಿ ತಿಣುಕುತ್ತದೆ. ಈ ಎಳೆತ, ಈ ಭಾರ, ಈ ಕೆಸರು ಎಲ್ಲದರ ಪೆಟ್ಟು ಬೀಳುವುದು ಕ್ಲಚ್ಚಿನ ಮೇಲೆ. ಸವೆದ ಕ್ಲಚ್ಚನ್ನು ಮನೆಯಲ್ಲೇ ಬದಲಿಸುವುದು ಹೇಗೆ ಎಂಬುದು ಇವತ್ತಿನ ಮಾತು. ಆದರೆ ಹೊಸ ಪ್ಲೇಟ್ ಹಾಕಿದರೆ ಕೆಲಸ ಮುಗಿಯಲಿಲ್ಲ; ಹಳೆಯದು ಏಕೆ ಸವೆಯಿತು ಎಂದು ತಿಳಿಯದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಕ್ಲಚ್ ಏನು ಮಾಡುತ್ತದೆ ನೋಡೋಣ. ಎಂಜಿನ್ ಸದಾ ತಿರುಗುತ್ತಿರುತ್ತದೆ, ಚಕ್ರ ಮಾತ್ರ ನಾವು ಬೇಕೆಂದಾಗ ತಿರುಗಬೇಕು. ಇವೆರಡನ್ನೂ ಕೂಡಿಸುವ, ಬಿಡಿಸುವ ಕೆಲಸ ಕ್ಲಚ್ಚಿನದು. 1994ರಲ್ಲಿ ಬಂದ ಸ್ಪ್ಲೆಂಡರ್ ಸೇರಿದಂತೆ ನಮ್ಮ ಕಡೆ ಓಡುವ ಗೇರ್ ಬೈಕುಗಳಲ್ಲಿ ಹೆಚ್ಚಿನವುಗಳ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಒಳಗೆ ಜೋಳದ ರೊಟ್ಟಿ ಅಟ್ಟಿ ಇಟ್ಟಂತೆ ಪ್ಲೇಟುಗಳು ಒಂದರ ಮೇಲೊಂದು ಕೂತಿರುತ್ತವೆ: ಒಂದು ಹಿಡಿತದ ಲೇಪವಿರುವ ಪ್ಲೇಟ್, ಒಂದು ಬರಿಯ ಉಕ್ಕಿನ ಪ್ಲೇಟ್, ಮತ್ತೆ ಲೇಪದ್ದು. ಲೇಪದ ಪ್ಲೇಟುಗಳು ಎಂಜಿನ್ ಜೊತೆ ತಿರುಗುತ್ತವೆ, ಉಕ್ಕಿನವು ಗೇರ್ ಜೊತೆ. ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಾಗ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಲಿವರ್ ಹಿಡಿದಾಗ ಆ ಒತ್ತಡ ಸಡಿಲಾಗುತ್ತದೆ, ಅಷ್ಟೆ. 1961ರಿಂದ 1996ರವರೆಗೆ ನಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ ಗಾಡಿಗಳಲ್ಲಿ ಕಾಲಿನಿಂದ ಗೇರ್ ಒತ್ತಿದರೂ ಕ್ಲಚ್ ತಾನೇ ಬಿಡುತ್ತಿತ್ತು. ಕೈಯಿಂದಾಗಲಿ ಕಾಲಿನಿಂದಾಗಲಿ, ಒಳಗೆ ನಡೆಯುವ ಕೆಲಸ ಒಂದೇ.

ಲೇಪ ಸವೆದರೆ ಪ್ಲೇಟುಗಳು ಜಾರುತ್ತವೆ. ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಟಾಪ್ ಗೇರಿನಲ್ಲಿ, ಏರು ದಾರಿಯಲ್ಲಿ, ಹಿಂದೆ ಭಾರವಿದ್ದಾಗ ಇದು ಚೆನ್ನಾಗಿ ತಿಳಿಯುತ್ತದೆ. ಸುಟ್ಟ ವಾಸನೆ ಬರಬಹುದು, ಮೈಲೇಜ್ ಇಳಿಯುತ್ತದೆ. ಇದಕ್ಕೆ ತಿರುಗುಮುರುಗಿನ ತೊಂದರೆಯೂ ಇದೆ: ಲಿವರ್ ಪೂರ್ತಿ ಹಿಡಿದರೂ ಗಾಡಿ ಮುಂದೆ ತೆವಳುತ್ತದೆ, ಗೇರ್ ಗಟ್ಟಿಯಾಗಿ ಬೀಳುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಅದು ಸವೆತದ ಲಕ್ಷಣವಲ್ಲ. ಕೇಬಲ್ ಸಡಿಲಾಗಿರಬಹುದು, ಉಕ್ಕಿನ ಪ್ಲೇಟ್ ಸೊಟ್ಟಗಾಗಿರಬಹುದು.

ಪಾನಾ ಹಿಡಿಯುವ ಮೊದಲು ಎರಡು ವಿಷಯ ನೋಡಿ. ಒಂದು, ಕೇಬಲ್. ಲಿವರಿನ ತುದಿ ಕ್ಲಚ್ ಎಳೆಯಲು ಶುರುಮಾಡುವ ಮೊದಲು ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಸುಮ್ಮನೆ ಆಡಬೇಕು. ಆ ಆಟವೇ ಇಲ್ಲದಿದ್ದರೆ, ನೀವು ಕೈ ಬಿಟ್ಟಾಗಲೂ ಕ್ಲಚ್ ಅರ್ಧ ಹಿಡಿದಂತೆಯೇ ಇರುತ್ತದೆ, ಒಳ್ಳೆಯ ಪ್ಲೇಟೂ ಜಾರುತ್ತದೆ. ಎರಡು, ಆಯಿಲ್. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆತ ಕಾರಿನ ಆಯಿಲ್ ಈ ಕ್ಲಚ್ಚಿಗೆ ಆಗದು. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತು ಇರುವುದನ್ನೇ ಕೊಳ್ಳಿ. ಇವೆರಡೂ ಸರಿಯಿದ್ದು ಗಾಡಿ ಇನ್ನೂ ಜಾರಿದರೆ ಮಾತ್ರ ಬಿಚ್ಚಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯನ್ನು ಸಮ ನೆಲದ ಮೇಲೆ ಸೆಂಟರ್ ಸ್ಟ್ಯಾಂಡಿಗೆ ಹಾಕಿ ಆಯಿಲ್ ಇಳಿಸಿ. ಸವೆದ ಲೇಪದ ಪುಡಿ ಅದರಲ್ಲೇ ಸೇರಿರುವುದರಿಂದ ಅದನ್ನೇ ಮತ್ತೆ ಹಾಕಬಾರದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಬಲಗಡೆಯ ಕವರಿನ ಒಳಗಿದೆ, ಹಳೆಯ ಬುಲೆಟ್‌ನಲ್ಲಿ ಎಡಗಡೆ. ಕೇಬಲ್, ಕಿಕ್ಕರ್, ಅಡ್ಡ ಬರುವ ಪೆಡಲ್ ತೆಗೆಯಿರಿ. ಕವರಿನ ಬೋಲ್ಟುಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಸಿಕ್ಕಿಸಿ. ಉದ್ದದ ಬೋಲ್ಟನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಎಂಜಿನ್ ಕೇಸೇ ಸೀಳಬಹುದು.

ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸಿ. ಕೆಲವು ಗಾಡಿಗಳಲ್ಲಿ ಅಷ್ಟಕ್ಕೇ ಪ್ಲೇಟುಗಳು ಹೊರಬರುತ್ತವೆ. ಇನ್ನು ಕೆಲವುಗಳಲ್ಲಿ ನಡುವಿನ ನಟ್ಟನ್ನೋ ಲಾಕನ್ನೋ ತೆಗೆಯಬೇಕು, ಅದಕ್ಕೆ ಬೇರೆಯೇ ಟೂಲ್ ಬೇಕು. ಅದಿಲ್ಲದೆ ಉಳಿ ಸುತ್ತಿಗೆಯಿಂದ ಹೊಡೆಯಬೇಡಿ; ಆ ಒಂದು ಕೆಲಸಕ್ಕೆ ಊರಿನ ಮೆಕ್ಯಾನಿಕ್ಕರ ಸಹಾಯ ಪಡೆಯಿರಿ.

ತೆಗೆದ ಪ್ಲೇಟುಗಳನ್ನು ತೆಗೆದ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಸಾಲಾಗಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಈಗ ಪರೀಕ್ಷೆ. ಲೇಪದ ಪ್ಲೇಟಿನ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಗಾಡಿಯ ಸರ್ವಿಸ್ ಪುಸ್ತಕದ ಮಿತಿಗೆ ಹೋಲಿಸಿ. ಉಕ್ಕಿನ ಪ್ಲೇಟನ್ನು ಗಾಜಿನ ಮೇಲಿಟ್ಟು ನೋಡಿ: ಅಡಿಯಲ್ಲಿ ಬೆಳಕು ಕಂಡರೆ ಸೊಟ್ಟಗಾಗಿದೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಬಿಸಿಗೆ ಬೆಂದಿದೆ. ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರ ಅಳೆಯಿರಿ. ಕುಗ್ಗಿದ ಸ್ಪ್ರಿಂಗಿಗೆ ಹೊಸ ಪ್ಲೇಟನ್ನು ಒತ್ತಿ ಹಿಡಿಯುವ ಶಕ್ತಿ ಇರುವುದಿಲ್ಲ. ಪ್ಲೇಟಿನ ಹಲ್ಲು ಕೂರುವ ಹೊರಗಿನ ಹೌಸಿಂಗಿನಲ್ಲಿ ಗುಳಿ ಬಿದ್ದಿದೆಯೇ ಎಂದು ಬೆರಳಾಡಿಸಿ. ಆ ಗುಳಿಗೆ ಸಿಕ್ಕಿಕೊಂಡೇ ಕ್ಲಚ್ ಜರ್ಕ್ ಹೊಡೆಯುತ್ತದೆ. ಗಾಡಿ ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ, ಅವಸರ ಬೇಡ.

ಹೊಸ ಲೇಪದ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಒಣಗಿದ್ದನ್ನು ಹಾಕಿದರೆ ಮೊದಲ ತಿರುಗಾಟದಲ್ಲೇ ಲೇಪ ಸುಡಬಹುದು. ತೆಗೆದ ಕ್ರಮದಲ್ಲೇ ಜೋಡಿಸಿ. ಸ್ಪ್ರಿಂಗಿನ ಬೋಲ್ಟುಗಳು ಅಲ್ಯೂಮಿನಿಯಂ ಕಂಬಗಳಿಗೆ ಸೇರುತ್ತವೆ, ಮೈಬಲವೆಲ್ಲ ಹಾಕಿದರೆ ಕಂಬವೇ ಮುರಿಯುತ್ತದೆ. ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಸಾಕು. ಹಳೆಯ ಗ್ಯಾಸ್ಕೆಟ್ಟನ್ನು ಗೀರು ಬೀಳದಂತೆ ಕೆರೆದು ಹೊಸದು ಹಾಕಿ, ಕವರ್ ಮುಚ್ಚಿ, ಹೊಸ ಆಯಿಲ್ ತುಂಬಿ, ಲಿವರಿನ ಆಟ ಸರಿಮಾಡಿ. ಇಳಿಸಿದ ಹಳೆಯ ಆಯಿಲ್ ಹೊಲಕ್ಕಾಗಲಿ ಕೆರೆಗಾಗಲಿ ಹೋಗಬಾರದು. ಡಬ್ಬಿಯಲ್ಲಿ ಹಿಡಿದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಇನ್ನು ನಮ್ಮ ಅಭ್ಯಾಸ. ಓಡಿಸುವಾಗ ಎಡಗೈ ಬೆರಳು ಸದಾ ಲಿವರಿನ ಮೇಲೇ ಇಡುವುದು, ಏರಿನಲ್ಲಿ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಿನ ಮೇಲೇ ಗಾಡಿ ನಿಲ್ಲಿಸುವುದು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಗೇರ್ ಇಳಿಸದೆ ಕ್ಲಚ್ಚಿನಲ್ಲೇ ತೆವಳುವುದು, ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಭಾರ ಇಳಿಸದೆ ಎಂಜಿನ್ ಕೂಗಿಸಿ ಎಬ್ಬಿಸುವುದು: ಪ್ಲೇಟನ್ನು ಸುಡುವುದು ಇವೇ. ಚೀಲ ಇಳಿಸಿ, ಇಬ್ಬರು ತಳ್ಳಿ, ಗಾಡಿಯನ್ನು ಮೇಲೆತ್ತಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಟ್ಟವರ ಗಾಡಿ, ಬಿತ್ತನೆಯ ದಿನ ಹೊಲದ ದಾರಿಯಲ್ಲಿ ಅವರ ಕೈಬಿಡುವುದಿಲ್ಲ.