ಮಳೆ ಬಂದ ಮೇಲೆ ಮರುಭೂಮಿಯ ದಾರಿ



ಮರುಭೂಮಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉರಿಬಿಸಿಲು, ಕಾದ ಮರಳು. ಅಲ್ಲಿ ನೀರಿಗೆ ಹೆದರಿ ಹಿಂದಿರುಗಿದೆನೆಂದರೆ ತಾವು ನಕ್ಕೀರಿ. ಆದರೂ ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಸಂಗತಿಯನ್ನೇ.

ರಾಜಸ್ಥಾನದ ಜೈಸಲ್ಮೇರಿನಿಂದ ಅಮರಸಾಗರದ ಮೇಲೆ ಹಾದು, ಭಾಟಿ ಅರಸರ ಹಳೆಯ ರಾಜಧಾನಿಯಾದ ಲೊದ್ರವಾಕ್ಕೆ ಸುಮಾರು 15 ಕಿಲೋಮೀಟರು. ಆ ದಾರಿಯನ್ನು ನಾನು ಹಲವು ಸಲ ನಡೆದು ಬಲ್ಲೆನು. ವರ್ಷದಲ್ಲಿ ಬಹು ಕಡಿಮೆ ಮಳೆ ಕಾಣುವ ಸೀಮೆಯದು. ಒಂದು ಶ್ರಾವಣದಲ್ಲಿ ರಾತ್ರಿಯೆಲ್ಲ ಮಳೆ ಸುರಿದು, ಬೆಳಗಾಗುವಾಗ ಆಕಾಶವು ತಿಳಿಯಾಯಿತು. ಎಂದಿನಂತೆ ಹೊರಟೆನು.

ದಾರಿ ಇದ್ದಂತೆ ಇರಲಿಲ್ಲ. ಕಾಲುಹಾದಿಯು ಅಲ್ಲಲ್ಲಿ ಕೊರಕಲಾಗಿತ್ತು. ನಾನು ಗುರುತಿಟ್ಟುಕೊಂಡಿದ್ದ ಕಲ್ಲುಗಳು ಉರುಳಿದ್ದುವು. ಒದ್ದೆ ನೆಲದಲ್ಲಿ ಇಂದ್ರಗೋಪಗಳು ಕೆಂಪು ಮಖಮಲ್ಲಿನ ಚೂರುಗಳಂತೆ ಹರಿದಾಡುತ್ತಿದ್ದುವು. ಅಲ್ಲಿನವರು ಖೇಜ್ಡಿಯೆನ್ನುವ ಮರವು ತೊಳೆದಿಟ್ಟಂತೆ ನಿಂತಿತ್ತು. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಅದು.

ಕಾಕ ನದಿಯ ಪಾತ್ರದಲ್ಲಿ ಮೊಳಕಾಲುದ್ದವೂ ಇಲ್ಲದ ಕೆನ್ನೀರು ಹರಿಯುತ್ತಿತ್ತು. ಮೆಟ್ಟುಗಳನ್ನು ಕೈಯಲ್ಲಿ ಹಿಡಿದು ಇಳಿಯಹೊರಟೆನು. ಕುರಿ ಕಾಯುತ್ತಿದ್ದ ಮುದುಕನೊಬ್ಬನು ಕೋಲನ್ನು ಅಡ್ಡ ಹಿಡಿದು, ದೂರದ ಕರಿಮೋಡವನ್ನು ತೋರಿಸಿದನು. ಅರ್ಧ ಗಂಟೆ ಕಳೆಯುವುದರೊಳಗೆ ಮುಳ್ಳುಪೊದೆಗಳನ್ನು ಹೊತ್ತ ನೀರು ಎದೆಮಟ್ಟಕ್ಕೆ ಬಂದಿತು. ಅಲ್ಲಿ ಬಹುಭಾಗ ಬರಿಯ ಬಂಡೆ. ಬಿದ್ದ ಮಳೆ ಇಂಗದೆ ಹರಿದುಬಿಡುವುದು. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ, ಬೇರೆಲ್ಲೋ ಬಿದ್ದ ಮಳೆಯು ನಮ್ಮ ಕಾಲನ್ನು ಎಳೆಯಬಲ್ಲುದು.

ಹಿಂದಿರುಗುವಾಗ ತಗ್ಗೊಂದರಲ್ಲಿ ನೀರು ಕೆರೆಯಂತೆ ನಿಂತಿತ್ತು. ಅದರ ಅಂಚಿನ ಮಣ್ಣಿನ ಏರಿಯ ಮೇಲೆ ನಡೆದರೆ ದಾರಿ ಹತ್ತಿರವಾಗುವುದೆಂದುಕೊಂಡೆನು. ಮುದುಕನು ಬಿಡಲಿಲ್ಲ. ಏರಿ ನೆನೆದು ಮೆದುವಾಗಿದೆ, ಕಾಲಿಟ್ಟರೆ ಕುಸಿದೀತು ಎಂದನು. ಮಳೆಯು ದಾರಿಯನ್ನು ಕೆಡಿಸಿತೆಂದು ನಾನು ಗೊಣಗಿದೆನು. ನಿಮ್ಮ ದಾರಿ ನಾಲ್ಕು ದಿನಕ್ಕೆ ಒಣಗುವುದು, ನಮಗೆ ಇದು ವರ್ಷದ ರೊಟ್ಟಿ ಎಂದು ಅವನು ನಕ್ಕನು.

ಆ ತಗ್ಗಿಗೆ ಖಡೀನ್ ಎಂದು ಹೆಸರು. ಪಾಲೀವಾಲ ಬ್ರಾಹ್ಮಣರು 15ನೆಯ ಶತಮಾನದಲ್ಲಿ ಬಳಕೆಗೆ ತಂದ ಪದ್ಧತಿಯದು. ಕಲ್ಲುನೆಲದ ಮೇಲಿನ ನೀರನ್ನು ಏರಿಯಿಂದ ತಡೆದು, ತಗ್ಗಿನ ಹೊಲದಲ್ಲಿ ನಿಲ್ಲಿಸುವರು. ಹೆಚ್ಚಾದುದು ಕೋಡಿಯಲ್ಲಿ ಹೋಗುವುದು. ನೀರು ಇಂಗಿದ ಮೇಲೆ, ಆ ಹಸಿಯಲ್ಲಿಯೇ ಗೋದಿ ಕಡಲೆಗಳನ್ನು ಬಿತ್ತುವರು. ಚಳಿಗಾಲದ ಬೆಳೆಗೆ ಬೇರೆ ನೀರು ಬೇಡ.

ಅಂದು ನಾನು ಲೊದ್ರವಾವನ್ನು ನೋಡಲಿಲ್ಲ. ಆ ಏರಿಯನ್ನು ಬಳಸಿಕೊಂಡು, ಮುದುಕನ ಹಿಂದೆ ಸುತ್ತುದಾರಿಯಲ್ಲಿ ಬಂದೆನು. ಎಷ್ಟು ಪರಿಚಯದ ದಾರಿಯಾದರೂ, ಮಳೆ ಬಿದ್ದ ಮರುದಿನ ಅಲ್ಲಿ ಬಾಳುವವರನ್ನು ಕೇಳಿ ಹೆಜ್ಜೆಯಿಡುವುದು ಲೇಸು.