ಹನ್ನೊಂದು ತಿಂಗಳ ಕರಾರು ಮತ್ತು ನಮ್ಮ ಅಕ್ಷರ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಹಿತ್ಯ, ಯಕ್ಷಗಾನ, ಗಡಿಸಮಸ್ಯೆಗಳ ಚರ್ಚೆಗೆ ಒಗ್ಗಿದ ಈ ವೇದಿಕೆಯಲ್ಲಿ ಗಣಕಯಂತ್ರದ ಖರ್ಚನ್ನು ಕುರಿತು ಮಾತನಾಡಲು ನಿಂತಿದ್ದೇನೆ. ನಾನು ಗಣಕತಜ್ಞನಲ್ಲ. ಫೋರ್ಟಿನ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ನಮ್ಮ ತ್ರೈಮಾಸಿಕದ ಅಕ್ಷರಜೋಡಣೆ ಮತ್ತು ಕರಡು ತಿದ್ದುವ ಕೆಲಸವನ್ನು ನೋಡಿಕೊಳ್ಳುತ್ತಿರುವವನು.

ಈ ವರ್ಷದ ಆಯವ್ಯಯದಲ್ಲಿ ಸಂಘದ ಮೂರು ಗಣಕಗಳನ್ನು ಬದಲಿಸಲು ಹಣ ಕೇಳಲಾಗಿದೆ. ಯಂತ್ರಗಳು ಕೆಟ್ಟಿಲ್ಲ. ಅವುಗಳೊಳಗಿನ ವಿಂಡೋಸ್ 10 ವ್ಯವಸ್ಥೆಗೆ ತಯಾರಕರ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ಅಷ್ಟೇ. "ಕೆಡದ ವಸ್ತುವನ್ನು ಎಸೆಯುವುದು ಯಾವ ನ್ಯಾಯ?" ಎಂದು ಹಿರಿಯ ಸದಸ್ಯರೊಬ್ಬರು ಕಳೆದ ಸಭೆಯಲ್ಲಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ 'ಲೀವ್ ಅಂಡ್ ಲೈಸೆನ್ಸ್' ಕರಾರನ್ನು ವಿವರಿಸಬೇಕಾಗಿಲ್ಲ. ಠೇವಣಿ ಕೊಟ್ಟು, ಗೋಡೆಗೆ ಬಣ್ಣ ಬಳಿಸಿ, ಬಾಗಿಲಿಗೆ ತೋರಣ ಕಟ್ಟಿದರೂ ಮನೆ ನಮ್ಮದಲ್ಲ. ಹನ್ನೊಂದು ತಿಂಗಳು ಮುಗಿದೊಡನೆ ಬಾಡಿಗೆ ಏರುತ್ತದೆ, ಇಲ್ಲವೇ ಸಾಮಾನು ಒಯ್ಯಲು ಟೆಂಪೋ ಬರುತ್ತದೆ. ಗಣಕದ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೂ ಇದೇ ಜಾತಿಯದು. ಹಣ ತೆತ್ತು ನಾವು ಪಡೆಯುವುದು ಆ ತಂತ್ರಾಂಶದ ಒಡೆತನವನ್ನಲ್ಲ. ಅದನ್ನು ಬಳಸುವ ಪರವಾನಗಿಯನ್ನು ಮಾತ್ರ.

ಈ ಬಾಡಿಗೆಯ ಇತಿಹಾಸವನ್ನು ಸ್ವಲ್ಪ ನೋಡೋಣ. ಆಪಲ್ ಸಂಸ್ಥೆಯು 2002ರ ಆಗಸ್ಟಿನಿಂದ 2007ರ ಅಕ್ಟೋಬರಿನವರೆಗೆ ತನ್ನ ಮ್ಯಾಕ್ ವ್ಯವಸ್ಥೆಯ ನಾಲ್ಕು ಆವೃತ್ತಿಗಳನ್ನು ತಲಾ 129 ಡಾಲರಿಗೆ ಮಾರಿತು. ಪ್ರತಿಯೊಂದನ್ನೂ ಕೊಂಡವನು ಐದು ವರ್ಷಗಳಲ್ಲಿ 516 ಡಾಲರ್ ತೆತ್ತಂತಾಯಿತು. 2009ರಲ್ಲಿ ಆ ಬೆಲೆ 29 ಡಾಲರಿಗೆ ಇಳಿಯಿತು, 2013ರಲ್ಲಿ ಉಚಿತವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಗೃಹ ಆವೃತ್ತಿಯನ್ನು 199 ಡಾಲರಿಗೂ, ಹಳೆಯದನ್ನು ಹೊಂದಿದ್ದವರಿಗೆ 99 ಡಾಲರಿಗೂ ಮಾರಿತು. 2015ರಲ್ಲಿ ವಿಂಡೋಸ್ 7 ಮತ್ತು 8.1 ಇದ್ದವರಿಗೆ ವಿಂಡೋಸ್ 10 ಅನ್ನು ಮೊದಲ ವರ್ಷ ಉಚಿತವಾಗಿ ಕೊಟ್ಟಿತು.

ಹಾಗಾದರೆ ಬಾಡಿಗೆ ನಿಂತಿತೇ? ನಿಲ್ಲಲಿಲ್ಲ, ಬೇರೆ ಖಾತೆಗೆ ಹೋಯಿತು. 2021ರಲ್ಲಿ ಬಂದ ವಿಂಡೋಸ್ 11 ಕೂಡ ಉಚಿತವೇ. ಆದರೆ ನಿರ್ದಿಷ್ಟ ಸುರಕ್ಷಾ ಚಿಪ್ಪು ಮತ್ತು ಹೊಸ ಪೀಳಿಗೆಯ ಸಂಸ್ಕಾರಕ ಇಲ್ಲದ ಯಂತ್ರಗಳನ್ನು ಅದು ಅಧಿಕೃತವಾಗಿ ಒಪ್ಪುವುದಿಲ್ಲ. ತಂತ್ರಾಂಶ ಬಿಟ್ಟಿ, ಯಂತ್ರ ಹೊಸದು! ಹಳೆಯದರಲ್ಲೇ ಉಳಿಯಬಯಸುವ ಸಂಸ್ಥೆಗಳಿಗೆ ಸುರಕ್ಷಾ ಪರಿಷ್ಕಾರಗಳ ಬೆಲೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ಪ್ರತಿವರ್ಷ ಇಮ್ಮಡಿ ಎಂದು ನಿಗದಿಯಾಯಿತು. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಲೆಕ್ಕ ಬರೆದ ನನ್ನ ಕಣ್ಣಿಗೆ ಇದು ಮನೆ ಖಾಲಿ ಮಾಡಿಸಲು ವರ್ಷವರ್ಷ ಬಾಡಿಗೆ ಏರಿಸುವ ಮಾಲೀಕನ ಉಪಾಯದಂತೆಯೇ ಕಾಣುತ್ತದೆ.

ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಬಾಡಿಗೆಯೂ ಇತ್ತು. ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಯೂನಿಕೋಡ್ ಆಸರೆ ದೊರೆಯಿತು. ಕನ್ನಡಕ್ಕೆ ಅದು ಬಂದದ್ದು ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಅಕ್ಷರವಿನ್ಯಾಸದೊಂದಿಗೆ. ಅಷ್ಟರಲ್ಲಿ ನಮ್ಮಂಥ ಸಂಘಗಳು ತಮ್ಮ ಸಂಚಿಕೆಗಳನ್ನು ಬಗೆಬಗೆಯ ಖಾಸಗಿ ಅಕ್ಷರವಿನ್ಯಾಸಗಳಲ್ಲಿ ಜೋಡಿಸತೊಡಗಿದ್ದವು. ಅವುಗಳಲ್ಲಿ ತೆರೆಯ ಮೇಲೆ 'ಕ' ಕಂಡರೂ, ಒಳಗೆ ಕಡತದಲ್ಲಿ ಕುಳಿತಿರುತ್ತಿದ್ದುದು ರೋಮನ್ ಲಿಪಿಯ ಯಾವುದೋ ಸಂಕೇತ. ಆ ತಂತ್ರಾಂಶವಿದ್ದರೆ ಕನ್ನಡ, ಇಲ್ಲದಿದ್ದರೆ ಕಸ.

ಇದರ ಬೆಲೆಯನ್ನು ನಾನು ಸ್ವತಃ ತೆತ್ತಿದ್ದೇನೆ. ನಮ್ಮ ಹಿರಿಯ ಲೇಖಕರೊಬ್ಬರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಅನುಭವಗಳನ್ನು ನಮ್ಮ ಪತ್ರಿಕೆಯಲ್ಲಿ ಹದಿನಾಲ್ಕು ಕಂತುಗಳಲ್ಲಿ ಬರೆದರು. ಅಚ್ಚಾದುದಕ್ಕಿಂತ ಹೆಚ್ಚಿನ ಭಾಗ, ಸ್ಥಳಾಭಾವದಿಂದ ಕೈಬಿಟ್ಟದ್ದು, ಗಣಕದಲ್ಲಿಯೇ ಉಳಿದಿತ್ತು. ಹಸ್ತಪ್ರತಿಯನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲವೆಂದು ಹೇಳಿದವನು ನಾನೇ. ಮುಂದೆ ಯಂತ್ರ ಬದಲಾಯಿತು, ವ್ಯವಸ್ಥೆ ಬದಲಾಯಿತು. ಹಳೆಯ ಅಕ್ಷರ ತಂತ್ರಾಂಶದ ಬೀಗವಾಗಿದ್ದ ಡಾಂಗಲನ್ನು ಸಿಕ್ಕಿಸಲು ಹೊಸ ಯಂತ್ರದಲ್ಲಿ ಜಾಗವೇ ಇರಲಿಲ್ಲ. ಮಾರಿದವರು ಹೊಸ ಆವೃತ್ತಿಗೆ ಮತ್ತೆ ಹಣ ಕೇಳಿದರು. ಆ ವರ್ಷ ನಮ್ಮಲ್ಲಿ ಹಣವಿರಲಿಲ್ಲ. ಹಣ ಕೂಡಿದಾಗ ಆ ಆವೃತ್ತಿಯೇ ಮಾರುಕಟ್ಟೆಯಲ್ಲಿರಲಿಲ್ಲ.

ಲೇಖಕರು ತೀರಿಕೊಂಡ ಮೇಲೆ ಅವರ ಪತ್ನಿ ಡೊಂಬಿವಲಿಯಿಂದ ಮಾಟುಂಗಕ್ಕೆ ಬಂದು ಪುಸ್ತಕ ಮಾಡಿಸಬೇಕೆಂದರು. ಕಡತ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅವರು ಬಹಳ ಹೊತ್ತು ನೋಡಿ, "ಕಂಪ್ಯೂಟರಿನಲ್ಲಿಟ್ಟರೆ ಹಾಳಾಗುವುದಿಲ್ಲ ಎಂದು ನೀವೇ ಹೇಳಿದ್ದಲ್ಲವಾ ಮಾರಾಯ್ರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಚ್ಚಾದ ಹದಿನಾಲ್ಕು ಕಂತುಗಳನ್ನು ಮತ್ತೆ ಬೆರಳಚ್ಚಿಸಿ ಪುಸ್ತಕ ತಂದೆವು. ಉಳಿದ ಭಾಗ ಇಂದಿಗೂ ಆ ಚಿಹ್ನೆಗಳೊಳಗೇ ಇದೆ.

ಹಾಗೆಂದು ಹಳೆಯದಕ್ಕೆ ಜೋತುಬೀಳಿರೆಂದು ನಾನು ಹೇಳಲಾರೆ. 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಎಂಬ ಸುಲಿಗೆಯ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಅದರ ಪರಿಹಾರ ಮಾರ್ಚಿನಲ್ಲಿಯೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಅದೇ ಜೂನಿನಲ್ಲಿ ಇನ್ನೊಂದು ದಾಳಿಗೆ ಸಿಕ್ಕಿ ನಮ್ಮ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲಿನ ಕೆಲಸ ಅಸ್ತವ್ಯಸ್ತವಾಯಿತು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲಿನಲ್ಲೇ ನಿಂತಿದ್ದರೂ ಬ್ಯಾಂಕುಗಳ ಎಟಿಎಂ ಯಂತ್ರಗಳು ಅದರಲ್ಲೇ ನಡೆಯುತ್ತಿದ್ದವು. 2019ರ ಜೂನಿನೊಳಗೆ ಎಲ್ಲವನ್ನೂ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಆಜ್ಞಾಪಿಸಬೇಕಾಯಿತು. ಬೀಗ ಕೆಟ್ಟ ಮನೆಯಲ್ಲಿ ಸದಸ್ಯರ ಚಂದಾ ಲೆಕ್ಕ, ವಿಳಾಸಗಳನ್ನು ಇಟ್ಟು ಮಲಗುವುದು ಮಿತವ್ಯಯವಲ್ಲ, ಅಲಕ್ಷ್ಯ.

ಆದುದರಿಂದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದು: ಯಂತ್ರವನ್ನು ಎಸೆಯಬೇಕಾಗಿಲ್ಲ, ಕರಾರನ್ನು ಬದಲಿಸಬಹುದು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಆಧಾರದ ಮುಕ್ತ ವ್ಯವಸ್ಥೆಗಳಿಗೆ ಪರವಾನಗಿ ಶುಲ್ಕವಿಲ್ಲ; ಹೊಸ ಆವೃತ್ತಿಗೂ ಶುಲ್ಕವಿಲ್ಲ. ಕೇರಳದ ಸರಕಾರಿ ಶಾಲೆಗಳು ಇಂತಹ ವ್ಯವಸ್ಥೆಯನ್ನೇ ಅವಲಂಬಿಸಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲಿಯೇ. ಕೊಡುವ ಮನಸ್ಸು ನಮ್ಮವರಲ್ಲೂ ಇತ್ತು. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, 'ಸೇಡಿಯಾಪು' ತಂತ್ರಾಂಶವನ್ನು ಬೆಲೆ ಕಟ್ಟದೆ ಕನ್ನಡಿಗರ ಕೈಗಿತ್ತರು.

ಮುಕ್ತ ವ್ಯವಸ್ಥೆಯಲ್ಲಿ ತೊಡಕಿಲ್ಲವೆಂದಲ್ಲ. ನಮ್ಮ ಲೆಕ್ಕಪತ್ರದ ಮತ್ತು ಪುಟವಿನ್ಯಾಸದ ತಂತ್ರಾಂಶಗಳು ವಿಂಡೋಸನ್ನೇ ಬೇಡುತ್ತವೆ. ಆದ್ದರಿಂದ ಸಭೆಯ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಒಂದು, ಆ ಎರಡು ಕೆಲಸಗಳಿಗೆ ಒಂದೇ ಹೊಸ ಯಂತ್ರ ಕೊಳ್ಳೋಣ. ಪತ್ರವ್ಯವಹಾರಕ್ಕೂ ಮಕ್ಕಳ ಕನ್ನಡ ತರಗತಿಗೂ ಬಳಸುವ ಎರಡು ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕೋಣ. ಎರಡು, ಇನ್ನು ಮುಂದೆ ಪತ್ರಿಕೆಯ ಪ್ರತಿಯೊಂದು ಬರಹದ ಯೂನಿಕೋಡ್ ಪ್ರತಿಯನ್ನೂ ಹಸ್ತಪ್ರತಿಯನ್ನೂ ಬೇರೆಬೇರೆ ಕಡೆ ಕಾಪಿಡೋಣ. ಮೂರು, ಕಟ್ಟಡದ ದುರಸ್ತಿಗೆ ನಿಧಿಯಿಡುವಂತೆ ಗಣಕದ ಸವಕಳಿಗೂ ಪ್ರತಿವರ್ಷ ಸ್ವಲ್ಪ ಹಣ ತೆಗೆದಿಡೋಣ. ಬಾಡಿಗೆ ಬರುವುದು ಗೊತ್ತಿದ್ದೂ ತಿಂಗಳ ಕೊನೆಯಲ್ಲಿ ಬೆಚ್ಚಿಬೀಳುವುದು ಗೃಹಸ್ಥನ ಲಕ್ಷಣವಲ್ಲ.

ಹೊರನಾಡಿನಲ್ಲಿ ಚಾಳಿನಿಂದ ಚಾಳಿಗೆ, ಉಪನಗರದಿಂದ ಉಪನಗರಕ್ಕೆ ಮನೆ ಬದಲಿಸುತ್ತಲೇ ಬಂದವರು ನಾವು. ಪ್ರತಿ ಸಲವೂ ದೇವರ ಪಟವನ್ನೂ ಪುಸ್ತಕಗಳನ್ನೂ ಮೊದಲು ಕಟ್ಟಿಕೊಂಡೆವು. ಗಣಕದ ಮನೆಯನ್ನು ಬದಲಿಸುವಾಗಲೂ ಆ ಎಚ್ಚರವಿರಲಿ. ಆ ತಾಯಿ ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರು ನಮ್ಮ ಕಚೇರಿಯಲ್ಲಿ ನಿಂತು ಕೇಳುವಂತಾಗಬಾರದು.